ಮುಳಗುಂದದ ಕಟ್ಟೆಯ ಮೇಲೆ ಕಳ್ಳನ ಕಥೆ

ಗದಗದಲ್ಲಿ ಎರಡು ದಿನ ಇದ್ದು ಬಂದೆವು, ನಾನು ಮತ್ತು ನನ್ನ ಗೆಳತಿ. ಮೊದಲ ದಿನ ಲಕ್ಕುಂಡಿ, ತ್ರಿಕೂಟೇಶ್ವರ, ಸಂಜೆಗೆ ಗಿರಮಿಟ್ಟು, ಮಿರ್ಚಿ. ಅದರ ಬಗ್ಗೆ ಬರೆದವರು ಜಾಸ್ತಿ ಇದ್ದಾರೆ, ನಾನು ಬಿಡುತ್ತೇನೆ. ನನ್ನ ತಲೆಯಲ್ಲಿ ಉಳಿದದ್ದು ಎರಡನೇ ದಿನದ ಮುಳಗುಂದ.

ಮುಳಗುಂದ ನಯಸೇನನ ಊರು. ಕ್ರಿ.ಶ. 1112ರಲ್ಲಿ ಆತ 'ಧರ್ಮಾಮೃತ' ಎಂಬ ಜೈನ ಕಥೆಗಳ ಕಾವ್ಯ ಬರೆದ. ತುಪ್ಪಕ್ಕೆ ಎಣ್ಣೆ ಬೆರೆಸುತ್ತಾರೇನು ಎಂದು ಕೇಳಿ, ಕನ್ನಡಕ್ಕೆ ಸಂಸ್ಕೃತ ತುರುಕುವವರನ್ನು ತರಾಟೆಗೆ ತೆಗೆದುಕೊಂಡ ಕವಿ. ನನಗೆ ಆತ ಬಹಳ ಇಷ್ಟ. ಅವನಿಗಿಂತ ಇನ್ನೂರು ವರ್ಷ ಹಿಂದೆಯೇ, 902ರ ಸುಮಾರಿಗೆ, ಚಿಕಾರ್ಯ ಎಂಬುವನು ಈ ಊರಲ್ಲಿ ಜಿನಾಲಯ ಕಟ್ಟಿಸಿದ್ದ.

ಹೋಗುವವರಿಗೆ ಒಂದು ಮಾತು. ಗದಗದಿಂದ ಬಸ್ಸಿಗೇ ಹೋಗಿ. ನಾವು ಆಟೋ ಮಾಡಿದೆವು. ಹೋಗಿ ಬರುವ ರೊಕ್ಕ ಎರಡೂ ಮೊದಲೇ ಕೊಟ್ಟೆವು. 'ಇಲ್ಲೇ ಇರ್ತೀನ್ರಿ ಅಕ್ಕಾರ' ಅಂದವನು ನಾವು ಬಸದಿ ನೋಡಿ ಬರುವಷ್ಟರಲ್ಲಿ ಇರಲಿಲ್ಲ. ಫೋನ್ ಸ್ವಿಚ್ ಆಫ್. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಬರುವ ಬಾಡಿಗೆ ಬಂದ ಮೇಲೇ ಕೊಡಿ.

ಬಿಸಿಲು ಜೋರಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಬೇವಿನ ಮರದ ಕಟ್ಟೆ ಮೇಲೆ ಒಬ್ಬ ಅಜ್ಜಿ ಶೇಂಗಾ ಸುಲಿಯುತ್ತಿದ್ದರು.

'ಬಾರವ್ವ, ಕುಂದ್ರು. ಯಾವೂರು?'

'ಹುಬ್ಬಳ್ಳಿ, ಅಜ್ಜಿ. ನಯಸೇನನ ಊರು ನೋಡೋಣ ಅಂತ ಬಂದ್ವಿ.'

'ಯಾರವ ನಯಸೇನ?'

ಕಥೆ ಬರೆದವನು ಅಂದೆ. 'ಹಂಗಾರ ಒಂದ್ ಕಥಿ ಹೇಳು' ಅಂದರು. ನಾನೂ ಒಂದು ಹಿಡಿ ಶೇಂಗಾ ತೆಗೆದುಕೊಂಡು ಸುಲಿಯುತ್ತ ಅಂಜನಚೋರನ ಕಥೆ ಹೇಳಿದೆ. ಜೈನ ಕಥೆಗಳಲ್ಲಿ ಇವನು ದೊಡ್ಡ ಕಳ್ಳ. ಕಣ್ಣಿಗೆ ಅಂಜನ ಹಚ್ಚಿದರೆ ಯಾರಿಗೂ ಕಾಣಿಸುವುದಿಲ್ಲ. ಅವನು ಒಲಿದ ವೇಶ್ಯೆ ರಾಣಿಯ ಕೊರಳ ಹಾರವೇ ಬೇಕು ಅಂತ ಹಟ ಹಿಡಿದಳು. ಕದ್ದ. ಆದರೆ ಅವನು ಕಾಣದಿದ್ದರೇನು, ಹಾರದ ಹೊಳಪು ಕಂಡಿತು. ಕಾವಲಿನವರು ಬೆನ್ನು ಹತ್ತಿದರು. ಹಾರ ಬಿಸಾಕಿ ಸುಡುಗಾಡಿಗೆ ಓಡಿದ. ಅಲ್ಲಿ ಒಬ್ಬ ಮರಕ್ಕೆ ನೆಲುವು ಕಟ್ಟಿ, ಕೆಳಗೆ ಚೂಪು ಆಯುಧ ನೆಟ್ಟು, ಕೂತು ಮಂತ್ರ ಹೇಳುತ್ತಿದ್ದ. ಹಗ್ಗ ಕೊಯ್ದರೆ ಆಕಾಶಕ್ಕೆ ಹಾರುವ ವಿದ್ಯೆ ಒಲಿಯುತ್ತದೆ. ಅವನಿಗೆ ಧೈರ್ಯ ಸಾಲದೆ ಹತ್ತುವುದು, ಇಳಿಯುವುದು. ಕಳ್ಳ ಆ ಮಂತ್ರ ಕೇಳಿಕೊಂಡ, ಹತ್ತಿದ, ಎಲ್ಲ ಹಗ್ಗ ಒಂದೇ ಏಟಿಗೆ ಕೊಯ್ದ. ವಿದ್ಯೆ ಒಲಿಯಿತು. ಕೊನೆಗೆ ಮುನಿಯಾಗಿ ಮೋಕ್ಷಕ್ಕೆ ಹೋದ.

ಅಜ್ಜಿಯ ಕೈ ನಿಂತಿತು. 'ಆಕಿ ಏನಾದ್ಲು?'

'ಯಾರು?'

'ಹಾರ ಬೇಡಿದಾಕಿ. ಕಳ್ಳಗ ಮೋಕ್ಷ ಸಿಕ್ತು. ಆಕಿ ಬಾಗ್ಲಾಗ ನಿಂತು ದಾರಿ ಕಾಯ್ತಿದ್ಲಲ್ಲ?'

ಈ ಕಥೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಆಕೆಯನ್ನು ಒಮ್ಮೆಯೂ ನೆನೆದಿರಲಿಲ್ಲ. ಬಾಯಿಂದ ಮಾತೇ ಹೊರಡಲಿಲ್ಲ.

'ಆಕಿ ಆಸೇಕ ಬೇಡಿರಾಕಿಲ್ಲ ತಂಗಿ. ಮುಪ್ಪಿಗೆ ಬೇಡ್ಯಾಳ. ಮಾರಿ ಸುಕ್ಕ ಬಿದ್ದ ಮ್ಯಾಲೆ ಯಾಂವ ಬರ್ತಾನ?' ಅಂದು ಜಳ್ಳು ಕಾಯೊಂದನ್ನು ಒಡೆದು ನೋಡಿ ಆಚೆ ಎಸೆದರು.

ಆಕೆಯಂಥವರು ಅನ್ನುವ, ನನಗೆ ಗೊತ್ತಿದ್ದ ಇಬ್ಬರ ಮಾತು ಆಗ ಹೇಳಿದೆ. ಒಬ್ಬಳು ಹನ್ನೆರಡನೇ ಶತಮಾನದ ಸೂಳೆ ಸಂಕವ್ವೆ. ಸಿಕ್ಕಿರುವುದು ಒಂದೇ ವಚನ. ಒಬ್ಬನ ಒತ್ತೆ, ಅಂದರೆ ಮುಂಗಡ ರೊಕ್ಕ, ಹಿಡಿದು ಇನ್ನೊಬ್ಬನ ಒತ್ತೆ ಹಿಡಿಯಲಾರೆ ಅನ್ನುತ್ತಾಳೆ. ತನ್ನ ಕಸುಬಿನ ಮಾತಿನಲ್ಲೇ ನಿಷ್ಠೆ ಹೇಳಿದಳು. ಅಂಕಿತ ನಿರ್ಲಜ್ಜೇಶ್ವರ.

ಇನ್ನೊಬ್ಬಳು ವಿನಾಪೋಟಿ. ಚಾಲುಕ್ಯ ವಿಜಯಾದಿತ್ಯ 696ರಿಂದ 733ರವರೆಗೆ ಆಳಿದ, ಅವನ ಪ್ರಾಣವಲ್ಲಭೆ. ಬಾದಾಮಿ ಹತ್ತಿರದ ಮಹಾಕೂಟದ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ, ಹೊಲ ಕೊಟ್ಟಳು. ಅಲ್ಲಿನ ಶಾಸನದಲ್ಲಿ ಅವಳ ಅಪ್ಪನ ಹೆಸರಿಲ್ಲ. ಅಜ್ಜಿ ರೇವಮಂಚಳು, ತಾಯಿ ಕುಚಿಪೋಟಿ, ಮಗಳು ವಿನಾಪೋಟಿ.

'ಇನ್ನೊಂದ್ ಸಲ ಹೇಳು' ಅಂದರು. ಹೇಳಿದೆ. ತುಟಿ ಅಲ್ಲಾಡಿಸುತ್ತ ತಾವೂ ಹೇಳಿಕೊಂಡರು. 'ಕುಚಿಪೋಟಿ' ಬಾಯಿಗೆ ಬರದೆ ಎರಡು ಸಲ ತಡವರಿಸಿದರು.

'ಮೂರು ತಲಿಮಾರು ಬರೇ ಹೆಣ್ಮಕ್ಕಳು. ಕಲ್ಲಿನ್ಯಾಗ! ಅದನ್ನ ನನಗ ತೋರಸ್ತಿ ಏನವ್ವ?'

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಸುಲಿದ ಶೇಂಗಾವನ್ನೆಲ್ಲ ಪೇಪರಿನಲ್ಲಿ ಕಟ್ಟಿ ನನ್ನ ಕೈಗೆ ತುರುಕಿದರು. ಅವರ ಮೊಮ್ಮಗನ ಫೋನ್ ನಂಬರು ಬರೆದುಕೊಂಡೆ. ದೀಪಾವಳಿ ಮುಗಿದ ಮೇಲೆ ಮೂವರೂ ಮಹಾಕೂಟಕ್ಕೆ ಹೊರಟಿದ್ದೇವೆ.