ಯಾವುದರ ಪಕ್ಕ ಯಾವುದು ಇರಬಾರದು: ಪೆನ್ನಿನ ಅಂಗಡಿಯ ಒಳಕೋಣೆಯಿಂದ

ಮೈಸೂರಿನಲ್ಲಿ ಇಂಕ್ ಪೆನ್ನು, ಶಾಯಿ, ಕಾಗದ ಮಾರುವ ಸಣ್ಣ ಅಂಗಡಿಯೊಂದರಲ್ಲಿ ನನ್ನ ಕೆಲಸ. ಮುಂದಿನ ಗಾಜಿನ ಶೋಕೇಸು ಯಜಮಾನರದ್ದು, ಹಿಂದಿನ ಒಳಕೋಣೆ ನನ್ನದು. ಹೊಸದಾಗಿ ಸೇರಿದ ಹುಡುಗರಿಗೆ ಒಳಗಿನ ಸಾಮಾನು ಜೋಡಿಸಿ ಅಂದರೆ ಎಲ್ಲರೂ ಮಾಡುವುದು ಒಂದೇ. ಕಂಪನಿ ಪ್ರಕಾರ ಬೇರೆ ಮಾಡಿ, ಆಮೇಲೆ ಬಣ್ಣದ ಪ್ರಕಾರ ಸಾಲಾಗಿ ನಿಲ್ಲಿಸುತ್ತಾರೆ. ಕಣ್ಣಿಗೆ ಚಂದ. ಶೋಕೇಸಿಗೆ ಅದೇ ಸರಿ, ಯಾಕೆಂದರೆ ಗಿರಾಕಿ ಬರುವುದೇ ಕಂಪನಿ ಹೆಸರು ಹೇಳಿಕೊಂಡು. ಆದರೆ ಒಳಕೋಣೆಯಲ್ಲಿ ಸಾಮಾನು ವರ್ಷಗಟ್ಟಲೆ ಕೂತಿರುತ್ತದೆ. ಅಲ್ಲಿ ಮದುವೆಮನೆಯ ಪಂಕ್ತಿಯಲ್ಲಿ ನೆಂಟರನ್ನು ಕೂರಿಸಿದ ಹಾಗೆ, ಯಾರ ಪಕ್ಕ ಯಾರು ಬೇಡ ಅನ್ನುವುದನ್ನು ಮೊದಲು ನೋಡಿಕೊಳ್ಳಬೇಕು. ಯಾವುದು ಯಾವುದರೊಳಗೆ ಕೂರುತ್ತದೆ ಅನ್ನುವುದು ಎರಡನೆಯದು. ಕಂಪನಿ ಹೆಸರು ಅದರ ನಂತರ.

ರಬ್ಬರಿನಿಂದಲೇ ಶುರುಮಾಡುತ್ತೇನೆ, ಇದು ಎಲ್ಲರ ಮನೆಯಲ್ಲೂ ಆಗಿರುತ್ತದೆ. ಬೇಸಿಗೆ ರಜೆಯಲ್ಲಿ ಮುಚ್ಚಿಟ್ಟ ಕಂಪಾಸ್ ಬಾಕ್ಸನ್ನು ಜೂನಿನಲ್ಲಿ ತೆಗೆದರೆ ಬಿಳಿ ರಬ್ಬರು ಪ್ಲಾಸ್ಟಿಕ್ ಸ್ಕೇಲಿಗೆ ಕಚ್ಚಿಕೊಂಡಿರುತ್ತದೆ. ಕಿತ್ತರೆ ಸ್ಕೇಲಿನಲ್ಲಿ ಗುಳಿ. ಸೆಕೆಗೆ ಕರಗಿತು ಅನ್ನುತ್ತಾರೆ, ಅಷ್ಟೇ ಅಲ್ಲ. ಈಗ ಸಿಗುವ ಬಿಳಿ ರಬ್ಬರುಗಳಲ್ಲಿ ಹೆಚ್ಚಿನವು ಪಿವಿಸಿಯವು. ಗಟ್ಟಿ ಪಿವಿಸಿಯನ್ನು ಮೆತ್ತಗೆ ಮಾಡಲು ಪ್ಲಾಸ್ಟಿಸೈಸರ್ ಅಂತ ಎಣ್ಣೆಯಂಥದ್ದೊಂದನ್ನು ಬೆರೆಸಿರುತ್ತಾರೆ. ಅದು ತಾಗಿಕೊಂಡ ಪ್ಲಾಸ್ಟಿಕ್ಕಿಗೂ ನಿಧಾನವಾಗಿ ಇಳಿದು ಅದನ್ನೂ ಮೆತ್ತಗೆ ಮಾಡುತ್ತದೆ. ಸೆಕೆ ಬಂದರೆ ಬೇಗ ಇಳಿಯುತ್ತದೆ ಅಷ್ಟೆ. ರಬ್ಬರಿನ ಸುತ್ತ ಕಾಗದದ ಪಟ್ಟಿ ಸುತ್ತಿರುವುದಕ್ಕೆ ಇದೂ ಒಂದು ಕಾರಣ. ಮಕ್ಕಳು ಮೊದಲು ಹರಿದು ಎಸೆಯುವುದು ಅದನ್ನೇ! ಒಳಗಿನ ಶಾಯಿ ಕಾಣುವ ಪಾರದರ್ಶಕ ಪೆನ್ನುಗಳ ಪಕ್ಕ ನಾವು ರಬ್ಬರನ್ನೂ ಇಡುವುದಿಲ್ಲ, ಮೆತ್ತನೆಯ ಪ್ಲಾಸ್ಟಿಕ್ ಪೌಚನ್ನೂ ಇಡುವುದಿಲ್ಲ. ರಬ್ಬರಿಗೆ ರಟ್ಟಿನ ಡಬ್ಬಿ, ಬೇರೆ ಗೂಡು.

ಎಬೊನೈಟ್ ಪೆನ್ನುಗಳದ್ದು ಬೇರೆ ಕಥೆ. ರಾಜಮಂಡ್ರಿಯ ರತ್ನಂ, ತಿರುವಳ್ಳೂರಿನ ರಂಗ, ಇಂಥವರು ಕೈಯಲ್ಲಿ ಕಡೆದು ಮಾಡುವ ಪೆನ್ನುಗಳು ಬಹುಪಾಲು ಇದರವೇ. ರಬ್ಬರಿಗೆ ತುಂಬಾ ಗಂಧಕ ಸೇರಿಸಿ ಕಾಯಿಸಿ ಗಟ್ಟಿ ಮಾಡಿದ್ದು ಎಬೊನೈಟ್. ಹಳೆಯ ಪೆನ್ನಿನ ಕ್ಯಾಪು ಬಿಚ್ಚಿ ಮೂಗಿನ ಹತ್ತಿರ ಹಿಡಿದರೆ ಆ ಗಂಧಕದ ವಾಸನೆ ಈಗಲೂ ಬರುತ್ತದೆ. ಬೆಳಕು ಮತ್ತು ತೇವ ಎರಡೂ ಸೇರಿದರೆ ಕಪ್ಪು ಎಬೊನೈಟ್ ಕಂದಾಗಿ, ಪಾಚಿ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಈ ಪೆನ್ನುಗಳನ್ನು ನೀರಿನಲ್ಲಿ ನೆನೆಹಾಕಿ ತೊಳೆಯಬಾರದು. ಇನ್ನೊಂದು ತೊಂದರೆ ಪಕ್ಕದಲ್ಲಿರುವುದಕ್ಕೆ: ಮುಚ್ಚಿದ ಡಬ್ಬಿಯಲ್ಲಿ ಬೆಳ್ಳಿಯ ಪೆನ್ನನ್ನು ಎಬೊನೈಟಿನ ಜೊತೆ ಇಟ್ಟರೆ ಆ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ. ಬೆಳ್ಳಿ ಸಾಮಾನು ಯಾವತ್ತೂ ಬೇರೆ ಡ್ರಾಯರಿನಲ್ಲಿ, ಹತ್ತಿ ಬಟ್ಟೆಯಲ್ಲಿ.

ಸೆಲ್ಯುಲಾಯ್ಡ್ ಅನ್ನುವ ಹಳೆಯ ಕಾಲದ ಪ್ಲಾಸ್ಟಿಕ್ ಇನ್ನೂ ಹಟಮಾರಿ. ತಾತನ ಕಾಲದ, ಅಮೃತಶಿಲೆಯ ಗೆರೆಗಳಂತೆ ಮಿಂಚುವ ಪೆನ್ನುಗಳು ನೋಡಿದ್ದೀರಲ್ಲ, ಅವು. ಜೋಪಾನವಾಗಿರಲಿ ಅಂತ ಜನ ಅವನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿರುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರು ತಂದಾಗ ನಾನು ಹೇಳಿದ್ದು ಇಷ್ಟೆ: "ಸಾರ್, ಇದಕ್ಕೆ ಗಾಳಿ ಬೇಕು, ಕವರಿನಿಂದ ತೆಗೆದುಬಿಡಿ." ಅವರಿಗೆ ನಂಬಿಕೆ ಬರಲಿಲ್ಲ. "ದೂಳು ಕೂರೋದಿಲ್ವೇನಪ್ಪಾ?" ಅಂದರು. ದೂಳು ಒರೆಸಬಹುದು ಸಾರ್, ಅಂದೆ. ಸೆಲ್ಯುಲಾಯ್ಡ್ ವಯಸ್ಸಾದಂತೆ ಆಮ್ಲದ ಗುಣವಿರುವ ಅನಿಲ ಬಿಡುತ್ತದೆ. ಅದಕ್ಕೆ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಅದೇ ಪೆನ್ನನ್ನು ಇನ್ನೂ ಬೇಗ ಕೊಳೆಯಿಸುತ್ತದೆ, ಕ್ಲಿಪ್ಪಿಗೆ ತುಕ್ಕು ಹಿಡಿಸುತ್ತದೆ, ಜೊತೆಗಿರುವ ಪೆನ್ನುಗಳಿಗೂ ಅಂಟಿಸುತ್ತದೆ. ಬಣ್ಣ ಕಂದುತ್ತಿರುವ, ಮೈಯಲ್ಲಿ ಹರಳಿನಂಥ ಬಿರುಕು ಕಾಣುವ, ಘಾಟು ವಾಸನೆ ಬರುವ ಪೆನ್ನು ಸಿಕ್ಕರೆ ಅದನ್ನು ಆ ಕ್ಷಣವೇ ಉಳಿದವುಗಳಿಂದ ಬೇರೆ ಮಾಡುತ್ತೇನೆ. ಬೆಂಕಿಯಿಂದಲೂ ದೂರ, ಸೆಲ್ಯುಲಾಯ್ಡ್ ಧಗ್ಗನೆ ಹತ್ತಿಕೊಳ್ಳುವ ವಸ್ತು. ದೀಪ ಹಚ್ಚುವ ಗೂಡಿನ ಕೆಳಗೆ ಪೆನ್ನಿನ ಪೆಟ್ಟಿಗೆ ಇಡುವ ಮನೆಗಳಿವೆ, ಅಂಥವರಿಗೆ ಇದನ್ನು ಎರಡು ಸಲ ಹೇಳುತ್ತೇನೆ.

ಜಿರಲೆಗೆ ಅಂತ ಡ್ರಾಯರಿಗೆ ನುಸಿಗುಳಿಗೆ ಹಾಕುವುದು ನಮ್ಮಲ್ಲಿ ರೂಢಿ. ಅದರ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆದುಮಾಡುತ್ತದೆ. ಪೆನ್ನು ಇರುವಲ್ಲಿ ಬೇಡ. ನಮ್ಮಲ್ಲಿ ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣ, ಜಿರಲೆಗೆ ದಿನಾ ಗುಡಿಸುವುದು. ಟೀ ಲೋಟ ಒಳಕೋಣೆಗೆ ತರಬಾರದು ಅನ್ನುವ ಕಾನೂನೂ ಇದೆ, ಅದನ್ನು ಮುರಿಯುವವರು ಯಜಮಾನರೊಬ್ಬರೇ.

ಈಗ ಶಾಯಿ. ಬೆಳಕಿಗೂ ಶಾಯಿಗೂ ಆಗಿಬರುವುದಿಲ್ಲ ಅನ್ನುವುದನ್ನು ಮೈಸೂರಿನವರಿಗೆ ಹೇಳಿಕೊಡಬೇಕಿಲ್ಲ. 1937ರಲ್ಲಿ ಶುರುವಾದ, ಈಗ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಅನ್ನುವ ಕಾರ್ಖಾನೆ 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಮಾಡಿಕೊಡುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕು ತಾಗಿದರೆ ಕಪ್ಪಾಗುತ್ತದೆ, ಅದಕ್ಕೇ ಅದನ್ನು ಕಂದು ಬಾಟಲಿಯಲ್ಲಿ ತುಂಬುತ್ತಾರೆ. ನಾವು ಮಾರುವ ಪೆನ್ನಿನ ಶಾಯಿಗೆ ಉಲ್ಟಾ ಕಾಯಿಲೆ, ಬೆಳಕು ಬಿದ್ದರೆ ಬಣ್ಣ ಕಳೆದುಕೊಳ್ಳುತ್ತದೆ. ಪಿಂಕು, ನೇರಳೆ ಮೊದಲು ಹೋಗುತ್ತವೆ. ಬಾಟಲಿ ಎಷ್ಟೇ ಚಂದ ಇರಲಿ, ಅದರ ರಟ್ಟಿನ ಪೆಟ್ಟಿಗೆಯನ್ನು ಎಸೆಯಬಾರದು. ಕಿಟಕಿಯಲ್ಲಿ ಸಾಲಾಗಿ ಜೋಡಿಸಿದ ಶಾಯಿ ಬಾಟಲಿಗಳ ಫೋಟೋ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಶಾಯಿ ಯಾವತ್ತೂ ಕೆಳಗಿನ ಗೂಡಿನಲ್ಲಿ, ಅಂಚಿರುವ ತಟ್ಟೆಯ ಮೇಲೆ, ನೆಟ್ಟಗೆ ನಿಂತಿರಬೇಕು. ಕಾಗದದ ಮೇಲಿನ ಗೂಡಿನಲ್ಲಿ ಅಂತೂ ಬೇಡವೇ ಬೇಡ. ಕಬ್ಬಿಣದ ಅಂಶವಿರುವ ಬ್ಲೂ ಬ್ಲ್ಯಾಕ್ ಶಾಯಿಗಳನ್ನು, ಅಂದರೆ ಐರನ್ ಗಾಲ್ ಅನ್ನುವುವನ್ನು, ಸಣ್ಣ ಬಾಟಲಿಯಲ್ಲೇ ತರಿಸುತ್ತೇವೆ. ಕಾಗದದ ಮೇಲೆ ಗಾಳಿ ತಾಗಿ ಕಪ್ಪಾಗುವುದೇ ಆ ಶಾಯಿಯ ಗುಣ. ಮುಚ್ಚಳ ಬಿಚ್ಚಿದ ಬಾಟಲಿಯೊಳಗೂ ಅದೇ ಕೆಲಸ ನಡೆದು ತಳದಲ್ಲಿ ಗಷ್ಟು ಕೂರುತ್ತದೆ. ಪೆನ್ನಿನಲ್ಲಿ ಉಳಿದ ಶಾಯಿಯನ್ನು ಬಾಟಲಿಗೆ ವಾಪಸು ಸುರಿಯಬಾರದು. ಸುರಿದರೆ ಒಂದು ದಿನ ಮೇಲೆ ಬೂಷ್ಟು ತೇಲುತ್ತದೆ. ಹಾಗಾದ ಬಾಟಲಿಯನ್ನು ಸೋಸಿ ಬಳಸಲು ನೋಡಬೇಡಿ, ಇಡೀ ಬಾಟಲಿ ಚೆಲ್ಲಿ. ಎರಡು ಶಾಯಿಗಳನ್ನು ಬೆರೆಸುವುದೂ ಬೇಡ, ಕೆಲವು ಜೋಡಿಗಳು ಪೆನ್ನಿನೊಳಗೇ ಹೆಪ್ಪುಗಟ್ಟುತ್ತವೆ.

ಎಲ್ಲಕ್ಕಿಂತ ದುಬಾರಿಯಾಗುವುದು ಇಂಡಿಯನ್ ಇಂಕ್. ಚಿತ್ರ ಬರೆಯುವ ಈ ಕಪ್ಪು ಶಾಯಿಯ ಬಾಟಲಿ ದೂರಕ್ಕೆ ಪೆನ್ನಿನ ಕಪ್ಪು ಶಾಯಿಯಂತೆಯೇ ಕಾಣುತ್ತದೆ. ಅದರಲ್ಲಿ ಮಸಿಯನ್ನು ಹಿಡಿದಿಡಲು ಅರಗಿನಂಥ ಅಂಟಿರುತ್ತದೆ, ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ. ಒಮ್ಮೆ ಇಂಕ್ ಪೆನ್ನಿಗೆ ತುಂಬಿದರೆ ನಿಬ್ಬಿನ ಕೆಳಗಿನ ಸಣ್ಣ ಕಾಲುವೆಗಳೆಲ್ಲ ಕಟ್ಟಿಹೋಗಿ ಪೆನ್ನು ಸತ್ತಂತೆಯೇ. ರಿಪೇರಿಗೆ ಬರುವ ಪೆನ್ನುಗಳಲ್ಲಿ ಈ ಕಾರಣಕ್ಕೆ ಬಂದವನ್ನು ನೋಡಿದರೆ ಬೇಸರವಾಗುತ್ತದೆ, ಗಿರಾಕಿಗೆ ಯಾರೂ ಹೇಳಿರುವುದಿಲ್ಲ. ಹಾಗಾಗಿ ಇಂಡಿಯನ್ ಇಂಕ್, ಅಕ್ರಿಲಿಕ್ ಶಾಯಿ, ಸ್ಟ್ಯಾಂಪ್ ಪ್ಯಾಡ್ ಶಾಯಿ, ಈ ಮೂರೂ ನಮ್ಮಲ್ಲಿ ಎದುರು ಗೋಡೆಯಲ್ಲಿವೆ. ಬಿಡುವಿಲ್ಲದ ಜೂನ್ ತಿಂಗಳಲ್ಲಿ ಕೈ ತಾನಾಗಿ ಬಾಟಲಿ ಎತ್ತುತ್ತದೆ, ಲೇಬಲ್ ಓದುವುದಿಲ್ಲ. ಲೇಬಲ್ಲನ್ನು ನಂಬಿ ಜೋಡಿಸುವುದಕ್ಕಿಂತ ದೂರ ಇಡುವುದೇ ಮೇಲು.

ಕಾರ್ಟ್ರಿಜ್ಜುಗಳ, ಅಂದರೆ ಶಾಯಿ ತುಂಬಿಕೊಂಡೇ ಬರುವ ಸಣ್ಣ ಪ್ಲಾಸ್ಟಿಕ್ ಕೊಳವೆಗಳ ಬಗ್ಗೆ ಒಂದು ಮಾತು. ಸೀಲು ಒಡೆಯದಿದ್ದರೂ ಅವು ಒಣಗುತ್ತವೆ, ನೀರಿನ ಆವಿ ಪ್ಲಾಸ್ಟಿಕ್ ಗೋಡೆಯ ಮೂಲಕವೇ ಹೊರಗೆ ಹೋಗುತ್ತದೆ. ಹಳೆಯ ಪೊಟ್ಟಣ ಬೆಳಕಿಗೆ ಹಿಡಿದರೆ ಅರ್ಧ ಖಾಲಿ, ಉಳಿದದ್ದು ಗಟ್ಟಿ. ಆದ್ದರಿಂದ ಬಂದ ತಿಂಗಳು, ವರ್ಷವನ್ನು ಪೆಟ್ಟಿಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದು ಹೊಸತನ್ನು ಹಿಂದೆ, ಹಳತನ್ನು ಮುಂದೆ ಇಡುವುದು. ದಿನಸಿ ಅಂಗಡಿಯವರಿಗೆಲ್ಲ ಗೊತ್ತಿರುವ ಪದ್ಧತಿ, ಪೆನ್ನಿನವರು ಮಾತ್ರ ಮರೆಯುತ್ತಾರೆ.

ಇನ್ನು ಬಿಡಿಭಾಗ. ಬಾಟಲಿಯಿಂದ ಶಾಯಿ ಎಳೆದುಕೊಳ್ಳಲು ಪೆನ್ನಿನೊಳಗೆ ಕೂರಿಸುವ ಸಣ್ಣ ಕೊಳವೆಯೇ ಕನ್ವರ್ಟರ್. ಅದರ ಡಬ್ಬಿಗೆ ನಂಬರ್ ಬರೆಯುವ ಬದಲು ಅದು ಯಾವ ಪೆನ್ನಿಗೆ ಕೂರುತ್ತದೆ ಅಂತ ಬರೆಯುತ್ತೇನೆ. ಲ್ಯಾಮಿ, ಪಾರ್ಕರ್, ಪೈಲಟ್, ಸೈಲರ್, ಪ್ಲಾಟಿನಂ, ಒಬ್ಬೊಬ್ಬರದೂ ಒಂದೊಂದು ಬಾಯಿ. ಪೆಲಿಕನ್, ಕಾವೆಕೊ, ವಾಟರ್‌ಮನ್ ಮುಂತಾದವರು ಸ್ಟ್ಯಾಂಡರ್ಡ್ ಇಂಟರ್‌ನ್ಯಾಷನಲ್ ಅನ್ನುವ ಒಂದೇ ಅಳತೆ ಇಟ್ಟುಕೊಂಡಿದ್ದಾರೆ. ಹಾಗಂತ ನೆಮ್ಮದಿಯಿಲ್ಲ: ಕಾವೆಕೊ ಸ್ಪೋರ್ಟ್ ಗಿಡ್ಡ ಪೆನ್ನು, ಬಾಯಿ ಹೊಂದಿದರೂ ಮಾಮೂಲಿ ಕನ್ವರ್ಟರ್ ಉದ್ದ ಹೆಚ್ಚಾಗಿ ಮೈ ಮುಚ್ಚುವುದಿಲ್ಲ. ಪೈಲಟ್‌ನದೇ ಕಾನ್-70 ಕನ್ವರ್ಟರ್, ಪೈಲಟ್‌ನದೇ ಮೆಟ್ರೊಪಾಲಿಟನ್‌ಗೆ ಹಿಡಿಸುವುದಿಲ್ಲ, ಅದಕ್ಕೆ ಕಾನ್-40 ಬೇಕು. ಈ ಅಪವಾದಗಳನ್ನೇ ಕೆಂಪು ಪೆನ್ನಿನಲ್ಲಿ ಡಬ್ಬಿಯ ಮುಚ್ಚಳಕ್ಕೆ ಬರೆದಿದ್ದೇನೆ. ಹೊಂದುವುದರ ಪಟ್ಟಿಗಿಂತ ಹೊಂದದ್ದರ ಪಟ್ಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬಿಡಿ ನಿಬ್ಬುಗಳಿಗೆ ಔಷಧಿ ಅಂಗಡಿಯಲ್ಲಿ ಸಿಗುವ, ವಾರದ ಮಾತ್ರೆ ಹಾಕುವ ಡಬ್ಬಿಯಷ್ಟು ಒಳ್ಳೆಯದು ಬೇರೆ ಇಲ್ಲ. ಒಂದು ಮನೆಗೆ ಒಂದೇ ನಿಬ್ಬು. ಎರಡು ಒಟ್ಟಿಗೆ ಇದ್ದರೆ ಒಂದರ ತುದಿ ಇನ್ನೊಂದಕ್ಕೆ ತಗುಲಿ ಸೀಳು ಅಗಲವಾಗುತ್ತದೆ, ಬರೆಯುವಾಗ ಕೆರೆಯುತ್ತದೆ. ಹಳೆಯ ಪೆನ್ನುಗಳೊಳಗೆ ಶಾಯಿ ಹಿಡಿದಿಡುವ ಲೇಟೆಕ್ಸ್ ಚೀಲಗಳಿಗೆ ವಾಸನೆಯಿಲ್ಲದ ಶುದ್ಧ ಟಾಲ್ಕ್ ಸವರಿ, ಕತ್ತಲೆಯಲ್ಲಿ, ಮಡಚದೆ ಇಡುವುದು. ಮುಖಕ್ಕೆ ಹಚ್ಚುವ ಪೌಡರ್ ಬೇಡ. ಶಾಯಿ ಎಳೆಯುವ ಪಿಸ್ಟನ್ನಿಗೆ, ತಿರುಪಿನ ಸುತ್ತುಗಳಿಗೆ ಹಚ್ಚಲು ಸಿಲಿಕೋನ್ ಗ್ರೀಸ್. ಯಾರೋ ವ್ಯಾಸಲೀನ್ ಸಾಕು ಅನ್ನುತ್ತಾರೆ, ಸಾಲದು. ಪೆಟ್ರೋಲಿಯಂ ಜೆಲ್ಲಿ ರಬ್ಬರಿನ ವಾಷರನ್ನು ಊದಿಸಿ ಹಾಳುಮಾಡುತ್ತದೆ.

ಕಾಗದಕ್ಕೆ ಹೆಚ್ಚು ಹೇಳಬೇಕಾದ್ದಿಲ್ಲ. ರೀಮಿನ ಹೊದಿಕೆ ಬಿಚ್ಚಬೇಡಿ, ನೆಲದ ಮೇಲೆ ನೇರ ಇಡಬೇಡಿ, ಗೋಡೆಗೆ ತಾಗಿಸಬೇಡಿ, ಮಲಗಿಸಿಯೇ ಇಡಿ. ಗೆದ್ದಲು ಬಂದರೆ ನೆಲ, ಗೋಡೆಯಿಂದಲೇ ಬರುವುದು. ಕಾಗದದ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕುವುದನ್ನು ಮಾತ್ರ ನಿಲ್ಲಿಸಿ, ಒಣಗಿ ಅಂಟಿಕೊಂಡು ಕಂದು ಕಲೆ ಬಿಡುತ್ತದೆ. ಹತ್ತಿ ಲಾಡಿ ಸಾಕು. ಸ್ಟೇಪ್ಲರ್ ಪಿನ್ನಿನಲ್ಲಿ 10ನೇ ನಂಬರ್ ಒಂದು ಕಡೆ, 24/6 ಇನ್ನೊಂದು ಕಡೆ. 24 ತಂತಿಯ ಗೇಜು, 6 ಕಾಲಿನ ಉದ್ದ ಮಿಲಿಮೀಟರಿನಲ್ಲಿ. ಎರಡೂ ಬೆರೆತರೆ ಕಚೇರಿಯವರು ಬೈದುಕೊಂಡು ವಾಪಸು ಬರುತ್ತಾರೆ.

ಗಿರಾಕಿಗಳು ಬರೆದು ನೋಡಲು ಶಾಯಿ ತುಂಬಿಟ್ಟ ಪೆನ್ನುಗಳು ನಿಬ್ಬು ಮೇಲಾಗಿ ಲೋಟದಲ್ಲಿ ನಿಂತಿರುತ್ತವೆ. ಮಲಗಿಸಿದರೆ ಕ್ಯಾಪಿನೊಳಗೆ ಸೋರಬಹುದು, ತಲೆಕೆಳಗಾದರೆ ಸೋರುವ ಸಂಭವ ಇನ್ನೂ ಹೆಚ್ಚು. ಒಂದೆರಡು ವಾರ ಯಾರೂ ಮುಟ್ಟದ್ದನ್ನು ಖಾಲಿ ಮಾಡಿ ತೊಳೆಯುವುದು. ನಮ್ಮ ಕೊಳವೆಬಾವಿಯ ನೀರು ಗಡಸು, ಆರಿದಮೇಲೆ ಬಿಳಿ ಉಪ್ಪು ಬಿಡುತ್ತದೆ, ಅದಕ್ಕೆ ಕೊನೆಯ ಸಲ ತೊಳೆಯುವಾಗ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು.

ಇಷ್ಟೆಲ್ಲ ಆದಮೇಲೂ ಎಲ್ಲಿಗೂ ಸೇರದ ಸಾಮಾನು ಉಳಿಯುತ್ತದೆ: ಜೋಡಿಯಿಲ್ಲದ ಕ್ಯಾಪು, ಯಾವುದರದೋ ಕ್ಲಿಪ್ಪು, ಅರ್ಧ ತಿರುಪು. ಇವಕ್ಕೆ ಒಂದೇ ಒಂದು ಡಬ್ಬಿ. ಎರಡನೆಯದು ಇಡಲು ಬಿಟ್ಟರೆ ಒಳಕೋಣೆಯೆಲ್ಲ ಅಂಥ ಡಬ್ಬಿಗಳೇ ತುಂಬಿಕೊಳ್ಳುತ್ತವೆ. ಆಯುಧಪೂಜೆಗೆ ಅಂಗಡಿ ತೊಳೆಯುವಾಗ ಅದನ್ನು ಸುರಿದು, ಗುರುತು ಸಿಕ್ಕಿದ್ದನ್ನು ಅದರ ಗೂಡಿಗೆ ಸೇರಿಸುತ್ತೇವೆ. ಉಳಿದದ್ದನ್ನು ಎಸೆಯುವುದಿಲ್ಲ. ಕ್ಯಾಪು ಕಳೆದುಕೊಂಡವರು ಬಂದರೆ ಡಬ್ಬಿಯನ್ನೇ ಕೌಂಟರಿನ ಮೇಲಿಟ್ಟು ಹುಡುಕಿಕೊಳ್ಳಿ ಅನ್ನುತ್ತೇವೆ. ಸಿಕ್ಕಿದರೆ ದುಡ್ಡು ತೆಗೆದುಕೊಳ್ಳುವುದಿಲ್ಲ, ಒಂದು ಬಾಟಲಿ ಶಾಯಿ ಕೊಂಡರೆ ಬೇಡ ಅನ್ನುವುದೂ ಇಲ್ಲ.