ಬಾಲಂಗೋಚಿ ಇರುವ ಕ್ರಿಯಾಪದಗಳು

9 ಜುಲೈ 2024, ಮಂಗಳವಾರ

ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳ ಪಟ್ಟಿಯನ್ನು ಇವತ್ತು ಮುಚ್ಚಿಟ್ಟೆ. ‘ಅಪ್’, ‘ಓವರ್’ ಥರದ ಪುಟ್ಟ ಪದ ಬಾಲದಂತೆ ಅಂಟಿಕೊಂಡು ಅರ್ಥವನ್ನೇ ಬದಲಿಸುವ ಕ್ರಿಯಾಪದಗಳಿವು. ‘ಗೆಟ್’ ಒಂದಕ್ಕೇ ಪುಟಗಟ್ಟಲೆ: ಗೆಟ್ ಅಪ್, ಗೆಟ್ ಓವರ್, ಗೆಟ್ ಅವೇ ವಿತ್. ಹೀಗೆ ಅಕಾರಾದಿಯಾಗಿ ಜೋಡಿಸಿದವರು ತಾವು ಒಂದನ್ನಾದರೂ ಹಾಗೆ ಕಲಿತಿದ್ದಾರೆಯೇ ಎಂಬುದು ನನ್ನ ಅನುಮಾನ.

ಕ್ರಿಯಾಪದವನ್ನು ಬಿಟ್ಟು ಅದರ ಬಾಲವನ್ನು ಹಿಡಿದು ನೋಡಿದೆ. ಈಟ್ ಅಪ್, ಡ್ರಿಂಕ್ ಅಪ್, ಯೂಸ್ ಅಪ್. ಈ ‘ಅಪ್’ಗೂ ಮೇಲಕ್ಕೂ ಸಂಬಂಧವಿಲ್ಲ, ಏನೂ ಉಳಿಯದಂತೆ ಕೆಲಸ ಮುಗಿಯಬೇಕು ಎಂದಷ್ಟೇ ಅರ್ಥ. ನಮ್ಮ ‘ತಿಂದುಬಿಡು’, ‘ಕುಡಿದುಬಿಡು’ ಮಾಡುವುದೂ ಅದನ್ನೇ. ಅಲ್ಲಿ ಬಿಡುವುದಾದರೂ ಏನನ್ನು? ಕನ್ನಡ ಕಲಿಯುವವರು ಈ ‘ಬಿಡು’ವಿನಿಂದ ಪಡುವ ಪಾಡನ್ನು ನೆನೆದು ಕೊಂಚ ಸಮಾಧಾನವೂ ಆಯಿತು. ಎಲ್ಲ ‘ಅಪ್’ಗಳೂ ಹೀಗೆ ಹೇಳಿದ ಮಾತು ಕೇಳುವುದಿಲ್ಲ: ‘ಗಿವ್ ಅಪ್’ ಎಂದರೆ ಕೈಚೆಲ್ಲುವುದು, ‘ಬ್ರಿಂಗ್ ಅಪ್’ ಎಂದರೆ ಸಾಕಿ ಬೆಳೆಸುವುದು, ಇಲ್ಲವೇ ಮಾತು ಎತ್ತುವುದು. ಪರದೇಶದವರಿಗೆ ಅತಿ ದೊಡ್ಡ ತೊಡಕು ಇಂಥ ಕ್ರಿಯಾಪದಗಳೇ ಎಂದು ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ ಒಪ್ಪಿಕೊಂಡಿದ್ದಾನೆ.

ಅರ್ಥಕ್ಕಿಂತ ಹೆಚ್ಚು ಕಾಡುವುದು ಜಾಗದ ತಕರಾರು. ‘ಟರ್ನ್ ಆಫ್ ದ ಲೈಟ್’ ಸರಿ, ‘ಟರ್ನ್ ದ ಲೈಟ್ ಆಫ್’ ಕೂಡ ಸರಿ. ಲೈಟಿನ ಬದಲು ‘ಇಟ್’ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: ‘ಟರ್ನ್ ಇಟ್ ಆಫ್’. ‘ಲುಕ್ ಆಫ್ಟರ್’ ತದ್ವಿರುದ್ಧ, ನಡುವೆ ಯಾರಿಗೂ ಜಾಗ ಕೊಡುವುದಿಲ್ಲ. ‘ಲುಕ್ ಆಫ್ಟರ್ ಹಿಮ್’ ಎಂದೇ ಹೇಳಬೇಕು. ಇದಕ್ಕೆ ಕಿವಿಯೇ ದಾರಿ ತೋರಿಸುತ್ತದೆ. ಮೊದಲನೆಯದರಲ್ಲಿ ಒತ್ತು ಬೀಳುವುದು ‘ಆಫ್’ ಮೇಲೆ, ಎರಡನೆಯದರಲ್ಲಿ ‘ಲುಕ್’ ಮೇಲೆ. ಜೋರಾಗಿ ಓದಿಕೊಂಡರೆ ತಿಳಿಯುತ್ತದೆ. ಮನೆಯವರು ಏನೆಂದುಕೊಳ್ಳುತ್ತಾರೋ, ಅದು ಬೇರೆ ವಿಷಯ.

ಗೊಂದಲದ ಜೋಡಿಗಳೆಂದರೆ ಎಲ್ಲರೂ ಅಫೆಕ್ಟ್, ಎಫೆಕ್ಟ್ ಎನ್ನುತ್ತಾರೆ. ಒಂದು ಸಾಮಾನ್ಯವಾಗಿ ಕ್ರಿಯಾಪದ, ಇನ್ನೊಂದು ನಾಮಪದ, ಅಲ್ಲಿಗೆ ಮುಗಿಯಿತು. ನಿಜವಾದ ಕಿಡಿಗೇಡಿ ‘ಲೈ’ ಮತ್ತು ‘ಲೇ’. ಮಲಗುವುದು ಲೈ, ಮಲಗಿಸುವುದು ಲೇ. ಆದರೆ ‘ಲೈ’ಯ ಭೂತಕಾಲವೂ ‘ಲೇ’! ನಮ್ಮ ‘ಇಸು’ವಿನಂಥ ಪ್ರತ್ಯಯವೊಂದು ಹಿಂದೆ ಇಂಗ್ಲಿಷಿನ ಪೂರ್ವಜ ಭಾಷೆಗೂ ಇತ್ತು. ಅದು ಸವೆದುಹೋಗಿ ಇಂಥ ಜೋಡಿಗಳು ಉಳಿದಿವೆ: ಕೂರುವುದು ಸಿಟ್, ಕೂರಿಸುವುದು ಸೆಟ್, ಬೀಳುವುದು ಫಾಲ್, ಮರ ಬೀಳಿಸುವುದು ಫೆಲ್. ‘ಬಿದ್ದಿತು’ ಎನ್ನುವುದಕ್ಕೂ ‘ಫೆಲ್’ ಎಂದೇ ಇರುವುದನ್ನು ನೋಡಿ ನಗು ಬಂತು.

ನಾಳೆ ‘ಔಟ್’ ಬಾಲದವುಗಳನ್ನು ನೋಡಬೇಕು.