ಸೋತವರು ಏನು ಮಾಡುತ್ತಾರೆ?

ಚುನಾವಣೆ ಫಲಿತಾಂಶದ ದಿನ ಎಲ್ಲರ ಕಣ್ಣೂ ಗೆದ್ದವರ ಮೇಲೆ. ಹಾರ, ಪಟಾಕಿ, ಜೆಸಿಬಿ ಮೇಲಿಂದ ಹೂವಿನ ಮಳೆ. ನಾನು ಇತ್ತೀಚೆಗೆ ಸೋತವರನ್ನೇ ಜಾಸ್ತಿ ಗಮನಿಸುತ್ತೇನೆ. ಅವರು ಸಂಜೆ ಏನು ಹೇಳುತ್ತಾರೆ, ಮಾರನೇ ದಿನ ಏನು ಮಾಡುತ್ತಾರೆ. ಒಂದು ದೇಶದಲ್ಲಿ ಪ್ರಜಾಪ್ರಭುತ್ವ ಬೇರು ಬಿಟ್ಟಿದೆಯಾ ಇಲ್ಲವಾ ಅನ್ನೋದು ಅಲ್ಲೇ ಗೊತ್ತಾಗುತ್ತೆ ಅಂತ ನನ್ನ ನಂಬಿಕೆ.

ಇದು ನನ್ನ ಸ್ವಂತ ಯೋಚನೆಯೇನಲ್ಲ. ಪೋಲೆಂಡ್‌ನಲ್ಲಿ ಹುಟ್ಟಿದ ಆಡಮ್ ಪ್ರ್ಜೆವೋರ್ಸ್ಕಿ ಅನ್ನೋ ರಾಜಕೀಯ ವಿದ್ವಾಂಸರು 1991ರಲ್ಲೇ ಬರೆದಿದ್ದರು, ಪಕ್ಷಗಳು ಚುನಾವಣೆಯಲ್ಲಿ ಸೋಲುವಂಥ ವ್ಯವಸ್ಥೆಯೇ ಪ್ರಜಾಪ್ರಭುತ್ವ ಅಂತ. ಕೇಳೋಕೆ ತುಂಬಾ ಚಿಕ್ಕ ಮಾತು. ಸಮಾನತೆ ಎಲ್ಲಿ, ನ್ಯಾಯ ಎಲ್ಲಿ ಅಂತ ಯಾರಾದರೂ ಕೇಳಬಹುದು. ಆದರೆ ಕುರ್ಚಿಯಲ್ಲಿ ಕೂತವನು, ಪೊಲೀಸು ಸೈನ್ಯ ಎರಡೂ ಕೈಯಲ್ಲಿ ಇಟ್ಟುಕೊಂಡವನು, ಜನ ಬೇಡ ಅಂದ ತಕ್ಷಣ ಎದ್ದು ಹೋಗಬೇಕು. ಇದು ಸಣ್ಣ ವಿಷಯವಾ?

ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ನೋಡಿ. ಅಲ್ಲಿ ಓದು ಬರಹ ಬರದವರಿಗೂ ಅನುಕೂಲ ಆಗಲಿ ಅಂತ ಓಟು ಹಾಕೋದು ಗಾಜಿನ ಗೋಲಿಯಿಂದ. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಡ್ರಮ್, ಮೇಲೆ ಫೋಟೋ. ಗೋಲಿ ಹಾಕಿದರೆ ಒಳಗೆ ಗಂಟೆ ಹೊಡೆಯುತ್ತೆ. ಹೊರಗಿರುವ ಸಿಬ್ಬಂದಿಗೆ ಒಂದೇ ಸಲ ಸದ್ದು ಕೇಳಬೇಕು, ಎರಡು ಸಲ ಕೇಳಿದರೆ ಮೋಸ. ಇಂಥ ಗೋಲಿಗಳೇ 2016ರ ಡಿಸೆಂಬರ್‌ನಲ್ಲಿ ಯಾಹ್ಯಾ ಜಾಮೆಯನ್ನು ಸೋಲಿಸಿದವು. 1994ರಲ್ಲಿ ಸೈನಿಕ ದಂಗೆಯಿಂದ ಬಂದು 22 ವರ್ಷ ಆಳಿದವನು. ಮೊದಲು ಸೋಲು ಒಪ್ಪಿಕೊಂಡು, ಗೆದ್ದ ಅದಾಮ ಬಾರೋಗೆ ಟೀವಿಯಲ್ಲೇ ಫೋನ್ ಮಾಡಿ ಶುಭಾಶಯ ಹೇಳಿದ. ಒಂದು ವಾರದಲ್ಲಿ ಮಾತು ಬದಲಾಯಿಸಿದ. ಆ ಮಧ್ಯೆ ಗೆದ್ದ ಕೂಟದ ಕಡೆಯಿಂದ, ಜಾಮೆಯ ಮೇಲೆ ವಿಚಾರಣೆ ನಡೆಸುತ್ತೇವೆ ಅನ್ನೋ ಮಾತು ಬಂದಿತ್ತು. ಕೊನೆಗೆ ಅಕ್ಕಪಕ್ಕದ ದೇಶಗಳ ಸೈನ್ಯ ಗಡಿ ದಾಟಿ ಒಳಗೆ ಬಂದ ಮೇಲೆ 2017ರ ಜನವರಿಯಲ್ಲಿ ದೇಶ ಬಿಟ್ಟು ಹೋದ.

ಅವನ ಮೇಲೆ ನನಗೆ ಕನಿಕರ ಇಲ್ಲ, ಮಾಡಿದ ಅನ್ಯಾಯಕ್ಕೆ ಲೆಕ್ಕ ಕೊಡಲೇಬೇಕು. ಆದರೆ ಎಷ್ಟೋ ದೇಶಗಳಲ್ಲಿ ಪ್ರಜಾಪ್ರಭುತ್ವ ಕಟ್ಟೋರಿಗೆ ಎದುರಾಗೋ ಸಂಕಟ ಇದೇ ಅಲ್ವಾ? ಸೋತರೆ ಜೈಲು, ಗೆದ್ದರೆ ಅರಮನೆ ಅಂತಾದರೆ ಸೋಲೋಕೆ ಯಾರು ಒಪ್ಪುತ್ತಾರೆ? ಅಲ್ಜೀರಿಯಾದಲ್ಲಿ 1991ರ ಡಿಸೆಂಬರ್‌ನಲ್ಲಿ ಮೊದಲ ಸುತ್ತು ಇಸ್ಲಾಮಿಕ್ ಪಕ್ಷದ ಪರ ಬಂತು, ಜನವರಿಯಲ್ಲಿ ಸೈನ್ಯ ಎರಡನೇ ಸುತ್ತನ್ನೇ ರದ್ದು ಮಾಡಿಸಿತು. ಆಮೇಲೆ ವರ್ಷಗಟ್ಟಲೆ ರಕ್ತ ಹರಿಯಿತು. ಮ್ಯಾನ್ಮಾರ್‌ನಲ್ಲಿ 2020ರಲ್ಲಿ ಸೈನ್ಯದ ಬೆಂಬಲದ ಪಕ್ಷ ಹೀನಾಯವಾಗಿ ಸೋತಿತು. 2021ರ ಫೆಬ್ರವರಿ 1ಕ್ಕೆ ಸೈನ್ಯವೇ ಅಧಿಕಾರ ಕಿತ್ತುಕೊಂಡಿತು.

ದುಡ್ಡಿದ್ದರೆ ಎಲ್ಲ ಸರಿಹೋಗುತ್ತೆ ಅನ್ನೋ ವಾದ ಹಳೆಯದು. ಅಮೆರಿಕದ ಸಮಾಜಶಾಸ್ತ್ರಜ್ಞ ಸೀಮೋರ್ ಲಿಪ್ಸೆಟ್ 1959ರಲ್ಲಿ ಬರೆದರು, ದೇಶ ಶ್ರೀಮಂತವಾದಷ್ಟೂ ಪ್ರಜಾಪ್ರಭುತ್ವ ಉಳಿಯೋ ಸಾಧ್ಯತೆ ಜಾಸ್ತಿ ಅಂತ. ಪ್ರ್ಜೆವೋರ್ಸ್ಕಿ ಮತ್ತು ಲಿಮೊಂಗಿ 1997ರಲ್ಲಿ ಅದನ್ನು ತಿದ್ದಿದರು: ದುಡ್ಡು ಪ್ರಜಾಪ್ರಭುತ್ವವನ್ನು ಹುಟ್ಟಿಸುವುದಿಲ್ಲ, ಹುಟ್ಟಿದ್ದನ್ನು ಕಾಪಾಡುತ್ತೆ. ನನಗೆ ಇದು ಹೆಚ್ಚು ಸರಿ ಅನ್ನಿಸುತ್ತೆ. ಶ್ರೀಮಂತ ದೇಶದಲ್ಲಿ ಚುನಾವಣೆ ಸೋತವನು ಮನೆಗೆ ಹೋಗಿ ವಕೀಲಿಕೆ ಮಾಡಬಹುದು. ಬಡ ದೇಶದಲ್ಲಿ ಕುರ್ಚಿ ಹೋದರೆ ಅನ್ನವೂ ಹೋಗುತ್ತೆ. ಆದರೂ ಈ ಲೆಕ್ಕ ಭಾರತಕ್ಕೆ ಕೂರುವುದಿಲ್ಲ. 1951-52ರಲ್ಲಿ ಸುಮಾರು 17 ಕೋಟಿ ಮತದಾರರು, ಹೆಚ್ಚಿನವರಿಗೆ ಅಕ್ಷರ ಗೊತ್ತಿಲ್ಲ, ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. ತುರ್ತು ಪರಿಸ್ಥಿತಿ ಹೇರಿದ ಇಂದಿರಾ ಗಾಂಧಿ 1977ರಲ್ಲಿ ಸೋತು ಇಳಿದರು, 1978ರಲ್ಲಿ ನಮ್ಮ ಚಿಕ್ಕಮಗಳೂರಿನಿಂದ ಗೆದ್ದು ಲೋಕಸಭೆಗೆ ಬಂದರು, 1980ರಲ್ಲಿ ಅವರನ್ನು ಸೋಲಿಸಿದ್ದವರೇ ಸೋತರು. ಇನ್ನೊಂದು ಕಡೆ ಅಮೆರಿಕ, ಅಷ್ಟು ಶ್ರೀಮಂತ, ಅಷ್ಟು ಹಳೆಯ ಪ್ರಜಾಪ್ರಭುತ್ವ. 2021ರ ಜನವರಿ 6ರಂದು ಸೋತವರ ಬೆಂಬಲಿಗರು ಸಂಸತ್ ಭವನಕ್ಕೇ ನುಗ್ಗಿದರು.

ನಮ್ಮೂರು ಚಿಂತಾಮಣಿ ಕಡೆ. ಇಲ್ಲಿ ಡೇರಿ ಚುನಾವಣೆ ಅಂದರೆ ಸುಮ್ನೆ ಅಲ್ಲ. ಒಂದು ಹಸು ಇದ್ದವರಿಗೂ ಹತ್ತು ಇದ್ದವರಿಗೂ ಒಂದೇ ಓಟು. ಅಣ್ಣ ತಮ್ಮಂದಿರೇ ಎದುರುಬದುರು ನಿಲ್ಲುತ್ತಾರೆ, ರಾತ್ರಿಯೆಲ್ಲ ಮೀಟಿಂಗು, ತೆಲುಗು ಕನ್ನಡ ಬೆರೆಸಿದ ಬೈಗುಳ. ಆದರೆ ಸೋತವನಿಗೂ ಮಾರನೇ ಬೆಳಗ್ಗೆ ಹಾಲು ಕರೆಯಲೇಬೇಕು. ಕ್ಯಾನ್ ಹಿಡಿದುಕೊಂಡು ಅದೇ ಡೇರಿ ಮುಂದೆ, ಗೆದ್ದವನ ಹಿಂದೆಯೇ ಸಾಲಿನಲ್ಲಿ ನಿಲ್ಲುತ್ತಾನೆ. ಆಗ ಎಲ್ಲರ ಕಣ್ಣೂ ಹಾಲಿನ ಫ್ಯಾಟ್, ಅಂದರೆ ಕೊಬ್ಬಿನಂಶ ಅಳೆಯೋ ಮಷೀನ್ ಮೇಲೆ; ಹಾಲಿಗೆ ಸಿಗೋ ದುಡ್ಡು ಅದರ ಮೇಲೇ ನಿಂತಿದೆ. ನಿನ್ನೆವರೆಗೆ ನಾಲ್ಕು ಬರುತ್ತಿದ್ದ ಫ್ಯಾಟ್ ಇವತ್ತೂ ನಾಲ್ಕೇ ಬಂದರೆ ಅವನು ಗೊಣಗುತ್ತಾ ಚೀಟಿ ತಗೊಂಡು ಮನೆಗೆ ಹೋಗಿ, ಮುಂದಿನ ಸಲ ನೋಡ್ಕೋತೀನಿ ಅಂತಾನೆ. ಮೂರಕ್ಕೆ ಇಳಿದರೆ? ಅವನಿಗೂ, ಅವನ ಕಡೆಯ ಎಲ್ಲ ಮನೆಗಳಿಗೂ ಒಂದು ವಿಷಯ ಅರ್ಥವಾಗುತ್ತೆ: ಇನ್ನು ಮೇಲೆ ಏನಾದರೂ ಮಾಡಿ ಗೆಲ್ಲಲೇಬೇಕು. ಒಂದು ಊರಿನಲ್ಲಿ ಇದು ನಡೆದದ್ದನ್ನು ನಾನು ನೋಡಿದ್ದೇನೆ. ಊರು ಎರಡಾಯಿತು, ಮುಂದಿನ ಚುನಾವಣೆಯ ಜಗಳವೆಲ್ಲ ಮತದಾರರ ಪಟ್ಟಿಯಿಂದ ಯಾರ ಹೆಸರು ತೆಗೆಸೋದು ಅನ್ನೋದರ ಮೇಲೆಯೇ ನಡೆಯಿತು.

ಕೋರ್ಟು, ಚುನಾವಣಾ ಆಯೋಗ, ಪತ್ರಿಕೆ, ಲೆಕ್ಕ ಪರಿಶೋಧನೆ, ಇವುಗಳ ಕೆಲಸವೂ ಆ ಮಷೀನಿನದ್ದೇ. ಯಾರು ಯಾರಿಗೆ ಓಟು ಹಾಕಿದರು ಅನ್ನೋದು ಅದಕ್ಕೆ ಗೊತ್ತಿರಬಾರದು. ಈಗಿನ ಕಾಲದಲ್ಲಿ ಪ್ರಜಾಪ್ರಭುತ್ವ ಕೆಡಿಸುವವರು ಮೊದಲು ಕೈ ಹಾಕೋದು ಅಲ್ಲಿಗೇ. ಸೈನ್ಯದ ಟ್ಯಾಂಕು ಬೀದಿಗೆ ಬರಬೇಕಾಗಿಲ್ಲ. ಹಂಗೇರಿಯಲ್ಲಿ 2010ರಲ್ಲಿ ವಿಕ್ಟರ್ ಓರ್ಬಾನ್ ಪಕ್ಷಕ್ಕೆ ಸುಮಾರು 53% ಮತ ಬಂತು, ಸೀಟು ಮಾತ್ರ ಮೂರನೇ ಎರಡರಷ್ಟಕ್ಕಿಂತ ಜಾಸ್ತಿ. ಅಷ್ಟು ಸಾಕಾಯಿತು. ಹೊಸ ಸಂವಿಧಾನ ಬಂತು, ಸಂಸತ್ತಿನ ಸೀಟು 386ರಿಂದ 199ಕ್ಕೆ ಇಳಿಯಿತು, ಕ್ಷೇತ್ರಗಳ ಗಡಿ ಬದಲಾಯಿತು, ನ್ಯಾಯಾಧೀಶರ ನಿವೃತ್ತಿ ವಯಸ್ಸು 70ರಿಂದ 62ಕ್ಕೆ ಬಂತು. ಎಲ್ಲವೂ ಸಂಸತ್ತಿನಲ್ಲಿ ಕಾನೂನು ಮಾಡಿಯೇ. ಟ್ಯುನೀಷಿಯಾ 2011ರ ಬಂಡಾಯದ ನಂತರ ಅರಬ್ ಜಗತ್ತಿನ ದೊಡ್ಡ ಭರವಸೆಯಾಗಿತ್ತು. 2019ರಲ್ಲಿ ಜನರೇ ಆರಿಸಿದ ಅಧ್ಯಕ್ಷ ಕೈಸ್ ಸೈಯದ್ 2021ರ ಜುಲೈನಲ್ಲಿ ಸಂಸತ್ತನ್ನೇ ಅಮಾನತು ಮಾಡಿದರು. ಬೇಸತ್ತ ಜನ ಬೀದಿಗೆ ಬಂದು ಸಂಭ್ರಮಿಸಿದ್ದೂ ಉಂಟು. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟ ಸುದ್ದಿ.

ಸಭೆ ಇದ್ದ ಮಾತ್ರಕ್ಕೆ ಪ್ರಜಾಪ್ರಭುತ್ವ ಬಂತು ಅಂತಲೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ 1881ರಲ್ಲೇ ದಿವಾನ್ ರಂಗಾಚಾರ್ಲು ಪ್ರಜಾ ಪ್ರತಿನಿಧಿ ಸಭೆ ಶುರು ಮಾಡಿದ್ದರು. ದೊಡ್ಡ ಹೆಜ್ಜೆಯೇ. ಆದರೆ ಆ ಸಭೆ ಕಷ್ಟ ಸುಖ ಹೇಳಬಹುದಿತ್ತು, ದಿವಾನರನ್ನು ಇಳಿಸೋ ಹಾಗಿರಲಿಲ್ಲ. ಜವಾಬ್ದಾರಿ ಸರ್ಕಾರ, ಅಂದರೆ ಜನರ ಪ್ರತಿನಿಧಿಗಳಿಗೆ ಲೆಕ್ಕ ಕೊಡೋ ಸರ್ಕಾರ ಬೇಕು ಅಂತ ಜನ ಕೇಳಿದ್ದು ಅದಕ್ಕೇ. ಆ ಹೋರಾಟದ ಕಾಲದಲ್ಲೇ, 1938ರ ಏಪ್ರಿಲ್ 25ರಂದು, ಗೌರಿಬಿದನೂರು ಹತ್ತಿರದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಮುಂದೆ 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದ ಕೆ.ಸಿ. ರೆಡ್ಡಿ ನಮ್ಮ ಕೋಲಾರ ಸೀಮೆಯ ಕ್ಯಾಸಂಬಳ್ಳಿಯವರು.

ಇಷ್ಟೆಲ್ಲ ಹೇಳಿದ್ದು ಒಂದು ಕಾರಣಕ್ಕೆ. ನಮ್ಮ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಕ್ಷೇತ್ರ ಮರುವಿಂಗಡಣೆ ಅಂದರು, ಮೀಸಲಾತಿ ಪಟ್ಟಿ ಅಂದರು, ನಾಲ್ಕು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳ ಕೈಯಲ್ಲೇ ಎಲ್ಲ ನಡೆಯಿತು. ಒಳ್ಳೆಯ ಅಧಿಕಾರಿಗಳೂ ಇರುತ್ತಾರೆ, ಆ ಮಾತು ಬೇರೆ. ಆದರೆ ಅವರನ್ನು ಸರ್ಕಾರ ವರ್ಗಾವಣೆ ಮಾಡುತ್ತೆ, ನಾವು ಸೋಲಿಸೋಕೆ ಆಗುವುದಿಲ್ಲ. ಹಾಗಾಗಿ ನಮ್ಮ ಕಡೆ ಓಟು ಕೇಳೋಕೆ ಬರುವ ಎಲ್ಲ ಪಕ್ಷದವರಿಗೂ ನಾನು ಕೇಳೋದು ಇಷ್ಟೇ: ಈ ಚುನಾವಣೆಯನ್ನು ಇಷ್ಟು ವರ್ಷ ಯಾಕೆ ಎಳೆದಿರಿ, ಇನ್ನು ಮುಂದೆ ಹೀಗೆ ಎಳೆಯದ ಹಾಗೆ ಯಾವ ಕಾನೂನು ತರುತ್ತೀರಿ?